ಮೊದಲ ಕೆಲಸವನ್ನು ಯಾರಿಗಾಗಿ ಉಳಿಸಿಡುತ್ತೇವೆ?

ಓಪನ್ ಸೋರ್ಸ್ ಯೋಜನೆಗಳು, ಅಂದರೆ ಯಾರು ಬೇಕಾದರೂ ಕೋಡ್ ಓದಿ ತಿದ್ದಬಹುದಾದ ತಂತ್ರಾಂಶ ಯೋಜನೆಗಳು, ಹೊಸಬರಿಗೆಂದು ಗುರುತು ಹಾಕಿಟ್ಟ ಸಣ್ಣಪುಟ್ಟ ಕೆಲಸಗಳ ಪಟ್ಟಿಗಳನ್ನು ನಾನು ಆಗಾಗ ತೆರೆದು ಓದುತ್ತೇನೆ. ಇಂತಹ ಯೋಜನೆಗಳ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಇವಕ್ಕೆ ‘ಗುಡ್ ಫಸ್ಟ್ ಇಶ್ಯೂ’ ಎಂಬ ಲೇಬಲ್ ಇದೆ; ಲಿಬ್ರೆಆಫೀಸ್‌ನವರು ‘ಈಸಿ ಹ್ಯಾಕ್’ ಎನ್ನುತ್ತಾರೆ, ಜಾಂಗೋದವರು ‘ಈಸಿ ಪಿಕಿಂಗ್ಸ್’ ಎನ್ನುತ್ತಾರೆ, ಕೆಡಿಇ ಬಳಗದಲ್ಲಿ ‘ಜೂನಿಯರ್ ಜಾಬ್’ ಎಂಬ ಹೆಸರು ಬಹುಕಾಲ ಬಳಕೆಯಲ್ಲಿತ್ತು. ಹೆಸರು ಯಾವುದೇ ಇರಲಿ, ಪಟ್ಟಿಗಳ ಸ್ಥಿತಿ ಮಾತ್ರ ನಾನು ನೋಡಿದ ಮಟ್ಟಿಗೆ ಬಹುತೇಕ ಒಂದೇ ಬಗೆಯದು. ನಿಜಕ್ಕೂ ಸುಲಭವಾದ ಕೆಲಸಗಳು ಪ್ರಕಟವಾದ ದಿನವೇ ಮುಗಿದುಹೋಗಿರುತ್ತವೆ. ಉಳಿದುಕೊಂಡವು ವರ್ಷಗಟ್ಟಲೆ ಹಳೆಯವು. ಯಾರೋ ಒಮ್ಮೆ ಸುಲಭವೆಂದು ಬಗೆದು ಲೇಬಲ್ ಹಚ್ಚಿ ಹೋದವು. ಕೈಹಾಕಿದವರಿಗೆ ಅವು ಸುಲಭವಲ್ಲವೆಂದು ತಿಳಿದದ್ದರಿಂದಲೇ ಹಾಗೆ ಉಳಿದವು. ಅವುಗಳ ಕೆಳಗೆ ‘ಇದನ್ನು ನಾನು ಮಾಡಬಹುದೇ’ ಎಂದು ಕೇಳಿದವರ ಸಾಲು ಉದ್ದಕ್ಕೆ ಬೆಳೆದಿರುತ್ತದೆ. ಅವರಲ್ಲಿ ಬಹಳಷ್ಟು ಮಂದಿ ನಮ್ಮ ದೇಶದ ಕಾಲೇಜುಗಳ ವಿದ್ಯಾರ್ಥಿಗಳೆಂಬುದು ಹೆಸರುಗಳಿಂದಲೇ ಗೊತ್ತಾಗುತ್ತದೆ. ಉತ್ತರ ಸಿಕ್ಕವರು ವಿರಳ.

ಈ ಪಟ್ಟಿಗಳ ಬಗ್ಗೆ ನನ್ನ ಕಾಳಜಿ ಹುಟ್ಟಿದ್ದು ನಮ್ಮ ಕಾಸರಗೋಡಿನ ಕಾರಣದಿಂದ. ಕೇರಳದ ಶಾಲೆಗಳಲ್ಲಿ ಎರಡು ದಶಕಗಳಿಂದ ಮುಕ್ತ ತಂತ್ರಾಂಶವನ್ನೇ ಕಲಿಸಲಾಗುತ್ತಿದೆ. ಮೊದಲು ಐಟಿ ಅಟ್ ಸ್ಕೂಲ್ ಎಂದಿದ್ದ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು, 2018ರಲ್ಲಿ ಹೈಸ್ಕೂಲುಗಳಲ್ಲಿ ‘ಲಿಟಲ್ ಕೈಟ್ಸ್’ ಕೂಟಗಳು ಆರಂಭವಾದವು. ಆದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಹೈಸ್ಕೂಲಿನಲ್ಲೇ ಉಬುಂಟು ಆಧಾರಿತ ಕಂಪ್ಯೂಟರುಗಳ ಮುಂದೆ ಕುಳಿತು, ಕನ್ನಡದಲ್ಲಿ ಅಚ್ಚಾದ ಪಠ್ಯಪುಸ್ತಕ ಹಿಡಿದು, ಗಿಂಪ್, ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಕಲಿಯುತ್ತಾರೆ, ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆಯುತ್ತಾರೆ. ಗಡಿಯಾಚೆ ಪುತ್ತೂರು, ಸುಳ್ಯದ ಕಡೆ ಓದಿದ ನನ್ನ ಸೋದರ ಸಂಬಂಧಿಗಳಿಗೆ ಶಾಲೆಯಲ್ಲಿ ಈ ಪರಿಚಯ ಸಿಗಲಿಲ್ಲ. ಇಷ್ಟು ದೊಡ್ಡ ಅನುಕೂಲವಿದ್ದೂ ನಮ್ಮ ಮಕ್ಕಳು ಆ ತಂತ್ರಾಂಶಗಳನ್ನು ಬಳಸುವಲ್ಲಿಗೇ ನಿಲ್ಲುತ್ತಾರೆ. ಅವುಗಳನ್ನು ತಾವೂ ತಿದ್ದಬಹುದು, ಅದಕ್ಕೆ ಯಾರ ಶಿಫಾರಸೂ ಬೇಕಿಲ್ಲ ಎಂದು ತೋರಿಸಬೇಕಾದ ಹೊಸ್ತಿಲೇ ಈ ಸಣ್ಣ ಕೆಲಸಗಳ ಪಟ್ಟಿ. ಹೊಸ್ತಿಲು ದಾಟುವಂತಿದೆಯೇ ಎಂಬುದನ್ನು ಒಳಗಿರುವವರು ನೋಡಬೇಕಲ್ಲವೇ?

ಬದಿಯಡ್ಕದ ಸಮೀಪದ ಒಂದು ವಾಚನಾಲಯದ ಸಭಾಂಗಣದಲ್ಲಿ ರಜಾದಿನಗಳಲ್ಲಿ ಕೆಲವು ಕಾಲೇಜು ವಿದ್ಯಾರ್ಥಿಗಳು ಸೇರುತ್ತಾರೆ. ಮನೆಯಿಂದಲೇ ಕೆಲಸ ಮಾಡುವ ನಾನು ಅವರ ಜೊತೆ ಕುಳಿತುಕೊಳ್ಳುತ್ತೇನೆ. ಒಮ್ಮೆ ಪೆರ್ಲದ ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ, ಹೆಸರಾಂತ ಯೋಜನೆಯೊಂದರ ಪಟ್ಟಿಯಿಂದ ಒಂದು ಕೆಲಸ ಆಯ್ದುಕೊಂಡಳು. ಒಂದು ಸಂವಾದ ಪೆಟ್ಟಿಗೆಯಲ್ಲಿ ಗುಂಡಿಯ ಹೆಸರು ಕತ್ತರಿಸಿ ಕಾಣುತ್ತದೆ, ಅದನ್ನು ಸರಿಪಡಿಸಬೇಕು ಎಂಬ ಕೆಲಸ ಅದು. ಕೆಲಸ ಪ್ರಕಟವಾಗಿ ಐದು ವರ್ಷಗಳ ಮೇಲಾಗಿತ್ತು. ಅವಳು ಮೇಲಿನಿಂದ ಕೆಳಗಿನವರೆಗೆ ಎಲ್ಲ ಪ್ರತಿಕ್ರಿಯೆಗಳನ್ನೂ ಸಾವಧಾನವಾಗಿ ಓದಿದಳು. ಕೇಳಿದವರಲ್ಲಿ ಒಬ್ಬನಿಗೆ ಕೆಲಸ ವಹಿಸಲಾಗಿತ್ತು. ಅವನು ಮತ್ತೆ ಬರೆದಿರಲಿಲ್ಲ. ಆಮೇಲಿನ ಯಾರಿಗೂ ಉತ್ತರ ಬಂದಿರಲಿಲ್ಲ. ಅವಳು ನನ್ನ ಕಡೆ ತಿರುಗಿ, “ಇದರಲ್ಲಿ ನನ್ನ ಸರದಿ ಎಷ್ಟನೆಯದ್ದು ಸರ್?” ಎಂದು ಕೇಳಿದಳು.

ಅವಳ ಪ್ರಶ್ನೆ ಸಹಜವಾದದ್ದು. ಸರದಿಯ ಸಾಲಿನಲ್ಲಿ ನಿಂತು ಅಭ್ಯಾಸವಿದ್ದವರಿಗೆ, ತಮಗಿಂತ ಮೊದಲು ಬಂದವರನ್ನು ದಾಟಿ ಹೋಗುವುದು ಅಸಭ್ಯವೆನಿಸುತ್ತದೆ. ಓಪನ್ ಸೋರ್ಸ್ ಲೋಕದ ರೂಢಿ ಬೇರೆ: ಯಾರು ಕೇಳಿದರು ಎನ್ನುವುದಕ್ಕಿಂತ ಯಾರು ಪ್ಯಾಚ್ (ತಿದ್ದುಪಡಿಯ ಕೋಡ್) ಕಳುಹಿಸಿದರು ಎನ್ನುವುದೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಆದರೆ ಈ ರೂಢಿಯನ್ನು ಆ ಪುಟದಲ್ಲಿ ಯಾರೂ ಬರೆದಿರಲಿಲ್ಲ. ‘ವಹಿಸಿದವರು ಎರಡು ವಾರ ಸುಮ್ಮನಿದ್ದರೆ ಬೇರೆ ಯಾರು ಬೇಕಾದರೂ ಕೈಗೆತ್ತಿಕೊಳ್ಳಬಹುದು, ಕೇಳುವ ಅಗತ್ಯವಿಲ್ಲ’ ಎಂಬ ಒಂದು ವಾಕ್ಯ ಅಲ್ಲಿದ್ದಿದ್ದರೆ ಅವಳು ಆ ಮಧ್ಯಾಹ್ನವೇ ಕೆಲಸ ಶುರು ಮಾಡುತ್ತಿದ್ದಳು. ಹೊಸಬರಿಗೆ ತಡೆಯಾಗುವುದು ಕೋಡ್‌ಗಿಂತ ಹೆಚ್ಚಾಗಿ ಇಂತಹ ಬರೆಯದ ನಿಯಮಗಳೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಸಾಲುಗಳ ಲೆಕ್ಕ, ದಾರಿಯ ಲೆಕ್ಕ

ಒಂದು ಕೆಲಸ ಚಿಕ್ಕದು ಎನ್ನುವಾಗ, ಯೋಜನೆಯನ್ನು ನೋಡಿಕೊಳ್ಳುವ ನಿರ್ವಾಹಕರು ಬದಲಿಸಬೇಕಾದ ಸಾಲುಗಳನ್ನು ಎಣಿಸುತ್ತಾರೆ. ಅವರ ಯಂತ್ರದಲ್ಲಿ ಆಕರ ಕೋಡ್ ಈಗಾಗಲೇ ಇದೆ, ಬಿಲ್ಡ್ ಆಗಿದೆ (ಓಡಬಲ್ಲ ತಂತ್ರಾಂಶವಾಗಿ ಮಾರ್ಪಟ್ಟಿದೆ), ಪರೀಕ್ಷೆಗಳು ಓಡುತ್ತಿವೆ, ಪ್ಯಾಚ್ ಎಲ್ಲಿಗೆ ಹೋಗಬೇಕೆಂದು ಗೊತ್ತಿದೆ. ಹೊಸಬರಿಗೆ ಆ ಒಂದು ಸಾಲನ್ನು ತಲುಪುವ ದಾರಿಯೇ ಕೆಲಸ. ಲಿಬ್ರೆಆಫೀಸ್‌ನಂತಹ ಯೋಜನೆಯ ಆಕರವನ್ನು ಪೂರ್ಣ ಇತಿಹಾಸದೊಂದಿಗೆ ಇಳಿಸಿಕೊಳ್ಳುವುದೆಂದರೆ ಗಿಗಾಬೈಟ್‌ಗಳ ಮಾತು, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಅದನ್ನು ಮೊದಲ ಸಲ ಬಿಲ್ಡ್ ಮಾಡುವುದೆಂದರೆ ಗಂಟೆಗಳ ಮಾತು. ಆಕರವನ್ನು ಇಳಿಸಿಕೊಳ್ಳಲು ಬಳಸುವ ಗಿಟ್‌ನ ಕ್ಲೋನ್ ಆದೇಶಕ್ಕೆ ಅರ್ಧದಲ್ಲಿ ನಿಂತದ್ದನ್ನು ಅಲ್ಲಿಂದಲೇ ಮುಂದುವರಿಸುವ ಶಕ್ತಿಯಿಲ್ಲ. ಸಂಪರ್ಕ ಕಡಿದರೆ ಮತ್ತೆ ಮೊದಲಿನಿಂದ ಆರಂಭ. ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಕಡೆ ಗಾಳಿಮಳೆಗೆ ರಬ್ಬರ್ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುವುದೂ, ಅದರೊಂದಿಗೆ ಮೊಬೈಲ್ ಟವರ್ ಸೊರಗುವುದೂ ದಿನನಿತ್ಯದ ಸಂಗತಿ. ಇಲ್ಲಿ ಕುಳಿತು ಇಳಿಸಿಕೊಳ್ಳುವವರಿಗೆ, ಇತಿಹಾಸವನ್ನು ಬಿಟ್ಟು ಇತ್ತೀಚಿನ ಸ್ಥಿತಿಯನ್ನಷ್ಟೇ ತರುವ ‘ಶ್ಯಾಲೋ ಕ್ಲೋನ್’ ಎಂಬ ಉಪಾಯವಿದೆಯೆಂದು ಕೆಲಸದ ವಿವರಣೆಯಲ್ಲೇ ಒಂದು ಸಾಲು ಬರೆದರೆ ಅದು ಎಷ್ಟು ದೊಡ್ಡ ಉಪಕಾರ ಎಂಬುದು ವೇಗದ ಸಂಪರ್ಕವಿರುವ ನಗರಗಳಲ್ಲಿ ಹೊಳೆಯುವುದು ಕಷ್ಟ.

ದಾರಿಯನ್ನು ಚಿಕ್ಕದು ಮಾಡಲು ಶ್ರಮಪಟ್ಟವರೂ ಇದ್ದಾರೆ. ಫೈರ್‌ಫಾಕ್ಸ್‌ನಲ್ಲಿ ‘ಆರ್ಟಿಫ್ಯಾಕ್ಟ್ ಬಿಲ್ಡ್’ ಎಂಬ ವ್ಯವಸ್ಥೆಯಿದೆ: ಸಿ ಪ್ಲಸ್ ಪ್ಲಸ್ ಮತ್ತು ರಸ್ಟ್‌ನ ಭಾರದ ಭಾಗಗಳನ್ನು ಮೊಜಿಲ್ಲಾದವರೇ ಬಿಲ್ಡ್ ಮಾಡಿ ಇಟ್ಟಿರುತ್ತಾರೆ, ಪರದೆಯ ಮೇಲೆ ಕಾಣುವ ಭಾಗವನ್ನಷ್ಟೇ ತಿದ್ದುವ ಹೊಸಬರು ಅವನ್ನು ಇಳಿಸಿಕೊಂಡು ತಮ್ಮ ಜಾವಾಸ್ಕ್ರಿಪ್ಟ್ ಬದಲಾವಣೆಯನ್ನು ಕೂಡಲೇ ನೋಡಬಹುದು. ದೋಷಗಳನ್ನು ದಾಖಲಿಸುವ ಅವರ ಬಗ್‌ಜಿಲ್ಲಾದಲ್ಲಿ ಒಂದು ಬಗ್‌ಗೆ ಮಾರ್ಗದರ್ಶಕರ ಹೆಸರು ನಮೂದಿಸುವ ಪ್ರತ್ಯೇಕ ಜಾಗವಿದೆ. ರಸ್ಟ್ ಭಾಷೆಯ ಯೋಜನೆಯಲ್ಲಿ ಸುಲಭದ ಕೆಲಸಕ್ಕೆ ಒಂದು ಲೇಬಲ್, ಮಾರ್ಗದರ್ಶನ ಸಿಗುವ ಕೆಲಸಕ್ಕೆ ಇನ್ನೊಂದು ಲೇಬಲ್ ಇವೆ. ಈ ಎರಡನ್ನು ಬೇರ್ಪಡಿಸಿದ್ದು ನನಗೆ ಬಹಳ ಸರಿಯೆನಿಸುತ್ತದೆ, ಏಕೆಂದರೆ ಸುಲಭವಾಗಿದ್ದೂ ಹೇಳಿಕೊಡುವವರಿಲ್ಲದ ಕೆಲಸಕ್ಕಿಂತ, ತುಸು ಕಠಿಣವಾಗಿದ್ದು ಹೇಳಿಕೊಡುವವರಿರುವ ಕೆಲಸ ಹೊಸಬರಿಗೆ ಎಷ್ಟೋ ಮೇಲು. ಲಿನಕ್ಸ್ ಕರ್ನೆಲ್‌ನ ಸ್ಟೇಜಿಂಗ್ ವಿಭಾಗದಲ್ಲಿ, ಇನ್ನೂ ಪಕ್ವವಾಗದ ಡ್ರೈವರುಗಳ ಜೊತೆಗೇ ಏನೇನು ಸರಿಯಾಗಬೇಕೆಂಬ ಪಟ್ಟಿಯೊಂದನ್ನು ಕಡತದಲ್ಲಿ ಇಟ್ಟಿರುತ್ತಾರೆ. ಅಲ್ಲಿ ಪ್ಯಾಚ್ ಕಳುಹಿಸುವುದು ಸರಳ ಪಠ್ಯದ ಇಮೇಲ್ ಮೂಲಕ; ಹೆಚ್ಚಿನ ವಿದ್ಯಾರ್ಥಿಗಳು ಸೋಲುವುದು ಕೋಡ್‌ನಲ್ಲಲ್ಲ, ಬ್ರೌಸರಿನಲ್ಲಿ ತೆರೆದ ಮೇಲ್ ಪೆಟ್ಟಿಗೆ ಟ್ಯಾಬ್‌ಗಳನ್ನು ಖಾಲಿ ಜಾಗಗಳಾಗಿ ಬದಲಿಸಿ ಪ್ಯಾಚ್ ಕೆಡಿಸಿಬಿಡುವಲ್ಲಿ.

ಜರ್ಮನ್ ಟಿಪ್ಪಣಿಗಳು

ಸಣ್ಣ ಕೆಲಸ ಹೇಗಿರಬೇಕೆಂದು ಯಾರಾದರೂ ಕೇಳಿದರೆ ನಾನು ಕೊಡುವ ಉದಾಹರಣೆ ಲಿಬ್ರೆಆಫೀಸ್‌ನದು. ಅದರ ಮೂಲ ಜರ್ಮನ್ ಕಂಪನಿಯೊಂದರ ಸ್ಟಾರ್‌ಆಫೀಸ್ ಎಂಬ ತಂತ್ರಾಂಶ. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಅದನ್ನು ಕೊಂಡುಕೊಂಡು, ಮರುವರ್ಷ ಅದರ ಆಕರವನ್ನು ಓಪನ್‌ಆಫೀಸ್ ಆಗಿ ತೆರೆದಿಟ್ಟಿತು. ಒರಾಕಲ್ ಕೈಗೆ ಸನ್ ಹೋದ ಮೇಲೆ, 2010ರಲ್ಲಿ ಸಮುದಾಯದವರು ಲಿಬ್ರೆಆಫೀಸ್ ಎಂದು ಬೇರೆಯಾದರು. ಆಗ ಅವರ ಕೈಗೆ ಬಂದ ಕೋಡ್‌ನ ತುಂಬ ಹಳೆಯ ಪ್ರೋಗ್ರಾಮರುಗಳು ಜರ್ಮನ್‌ನಲ್ಲಿ ಬರೆದಿಟ್ಟ ಟಿಪ್ಪಣಿಗಳಿದ್ದವು. ಉಳಿದ ದೇಶದವರಿಗೆ ಅವು ಅರ್ಥವಾಗುತ್ತಿರಲಿಲ್ಲ. ಅವನ್ನು ಇಂಗ್ಲಿಷಿಗೆ ತರುವುದನ್ನು ಈಸಿ ಹ್ಯಾಕ್ ಎಂದು ಪಟ್ಟಿಗೆ ಸೇರಿಸಿದರು, ಜರ್ಮನ್ ಟಿಪ್ಪಣಿ ಎಲ್ಲೆಲ್ಲಿದೆಯೆಂದು ಹುಡುಕಿಕೊಡುವ ಒಂದು ಸ್ಕ್ರಿಪ್ಟ್ ಕೂಡ ಬರೆದುಕೊಟ್ಟರು, ವರ್ಷಗಳ ಕಾಲ ಸ್ವಯಂಸೇವಕರು ಆ ಕೆಲಸ ಮಾಡಿದರು.

ಈ ಕೆಲಸವನ್ನು ನಾನು ಮೆಚ್ಚುವುದಕ್ಕೆ ಕಾರಣವಿದೆ. ಅದು ಯೋಜನೆಗೆ ನಿಜವಾಗಿ ಬೇಕಾಗಿತ್ತು. ಹೊಸಬರನ್ನು ಆಡಿಸಲೆಂದು ಹುಟ್ಟಿಸಿದ್ದಲ್ಲ. ಟಿಪ್ಪಣಿ ತಿದ್ದಿದರೆ ತಂತ್ರಾಂಶ ಕೆಡುವುದಿಲ್ಲ, ಆದ್ದರಿಂದ ಹೆದರಿಕೆಯಿಲ್ಲ. ಟಿಪ್ಪಣಿ ತಿದ್ದುವವರು ಸುತ್ತಲಿನ ಕೋಡ್ ಓದಲೇಬೇಕು, ಇಲ್ಲದಿದ್ದರೆ ಅನುವಾದ ತಪ್ಪುತ್ತದೆ. ಪ್ಯಾಚ್ ಕಳುಹಿಸಿ, ರಿವ್ಯೂ ಮಾಡಿಸಿಕೊಂಡು, ಸೇರ್ಪಡೆಯಾಗುವವರೆಗಿನ ಇಡೀ ದಾರಿಯನ್ನು ಅವರು ಒಮ್ಮೆ ನಡೆದಿರುತ್ತಾರೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಸಿ ಪ್ಲಸ್ ಪ್ಲಸ್‌ನಲ್ಲಿ ಪಳಗದವರೂ ತಮ್ಮಲ್ಲಿ ಮೊದಲೇ ಇದ್ದ ಜರ್ಮನ್ ಭಾಷೆಯ ಬಲದಿಂದ ಒಳಗೆ ಬಂದರು. ಹೊಸಬರು ಬರಿಗೈಯಲ್ಲಿ ಬರುವುದಿಲ್ಲ. ಅವರ ಕೈಯಲ್ಲಿರುವುದು ಏನೆಂದು ಯೋಚಿಸಿ ಕೆಲಸ ಆರಿಸಿದರೆ ಅವರು ಮೊದಲ ದಿನವೇ ನಿರ್ವಾಹಕರಿಗೆ ತಿಳಿಯದ ಏನನ್ನಾದರೂ ಹೇಳಿಯಾರು.

ಅದನ್ನು ನಾನು ಕಣ್ಣಾರೆ ಕಂಡೆ. ಹಳೆಯ ಕನ್ನಡ ಪಠ್ಯವನ್ನು ಶುಚಿಮಾಡುವ ಒಂದು ಸಣ್ಣ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಟೈಪ್ ಮಾಡುವವರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯ ಅಂಕಿಯನ್ನು ಹಾಕಿಬಿಡುವುದು ನಮ್ಮಲ್ಲಿ ಬಹಳ ವ್ಯಾಪಕವಾದ ತಪ್ಪು. ‘ಕಂಬ’ ಎಂದು ಬರೆಯಬೇಕಾದಲ್ಲಿ ‘ಕ೦ಬ’ ಎಂದು ಬರೆದಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ, ಆದ್ದರಿಂದ ಹುಡುಕಿದರೆ ಸಿಗುವುದಿಲ್ಲ. ಅಕ್ಷರದ ಅಥವಾ ಸ್ವರಚಿಹ್ನೆಯ ನಂತರ ನೇರವಾಗಿ ಬಂದ ಸೊನ್ನೆಯನ್ನು ಅನುಸ್ವಾರವಾಗಿಸಬೇಕು, ‘೧೦’ ಮುಂತಾದ ಅಂಕಿಗಳಲ್ಲಿರುವ ಸೊನ್ನೆಯನ್ನು ಮುಟ್ಟಬಾರದು ಎಂಬುದು ನಿಯಮ. ಐದು ನಿಮಿಷದಲ್ಲಿ ನಾನೇ ಬರೆದು ಮುಗಿಸಬಹುದಾಗಿದ್ದ ಆ ನಿಯಮವನ್ನು ಬರೆಯದೆ, ಹೊಸಬರ ಕೆಲಸವೆಂದು ಉಳಿಸಿಟ್ಟು, ಅದರ ವಿವರಣೆಯನ್ನು ಕನ್ನಡದಲ್ಲಿ ಬರೆಯಲು ಒಂದು ಸಂಜೆಯನ್ನು ಕೊಟ್ಟೆ. ಯಾವ ಕಡತ, ಯಾವ ಫಂಕ್ಷನ್, ಪರೀಕ್ಷೆ ಓಡಿಸುವ ಆದೇಶ ಯಾವುದು, ಸರಿಯಾದರೆ ಪರದೆಯಲ್ಲಿ ಏನು ಕಾಣಬೇಕು, ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳಬೇಕು, ಎಷ್ಟು ದಿನದೊಳಗೆ ಉತ್ತರ ಬರುತ್ತದೆ ಎಂದೆಲ್ಲ ಬರೆದೆ.

ಕನ್ನಡ ಮಾಧ್ಯಮದಲ್ಲಿ ಹೈಸ್ಕೂಲು ಮುಗಿಸಿದ, ಆಗ ಡಿಪ್ಲೊಮಾ ಓದುತ್ತಿದ್ದ ಒಬ್ಬ ಹುಡುಗ ಅದನ್ನು ಕೈಗೆತ್ತಿಕೊಂಡ. ಅವನ ಮೊದಲ ಪ್ಯಾಚ್ ಬಂದಾಗ ಜೊತೆಗೊಂದು ಪ್ರಶ್ನೆಯೂ ಇತ್ತು: ಅವನ ತಂದೆ ಸಹಕಾರಿ ಸಂಘವೊಂದರ ಹಳೆಯ ಕಡತಗಳನ್ನು ನೋಡಿಕೊಳ್ಳುವವರು, ಅಲ್ಲಿ ‘ಕೋಣೆ೦೫’, ‘ಪುಟ೦೭’ ಎಂಬಂತೆ ಪದಕ್ಕೆ ಅಂಟಿಕೊಂಡೇ ಸೊನ್ನೆಯಿಂದ ಆರಂಭವಾಗುವ ಸಂಖ್ಯೆಗಳಿವೆ, ನಿಯಮದ ಪ್ರಕಾರ ನಡೆದರೆ ಅವೆಲ್ಲ ‘ಕೋಣೆಂ೫’ ಆಗುತ್ತವೆ, ಹಾಗಾಗಬಹುದೇ? ಸೊನ್ನೆಯ ಹಿಂದಿನದನ್ನು ನೋಡಿದರೆ ಸಾಲದು, ಮುಂದೆ ಇನ್ನೊಂದು ಅಂಕಿಯಿದೆಯೇ ಎಂದೂ ನೋಡಬೇಕು ಎಂದು ಅವನೇ ತೀರ್ಮಾನಿಸಿ, ಅದಕ್ಕೊಂದು ಪರೀಕ್ಷೆಯನ್ನೂ ಬರೆದಿದ್ದ. ಆ ನಿಯಮ ಈಗ ಅವನು ಬರೆದಂತೆಯೇ ಇದೆ. ಅವನಿಗೆ ಅಂದು ಸಿಕ್ಕ ಸಂತೋಷವನ್ನು ವಾಚನಾಲಯದ ಮೇಜಿನ ಎದುರು ಕುಳಿತು ನೋಡಿದವನು ನಾನು. ಹೊಗಳಿಕೆಯಿಂದ ಬಂದದ್ದಲ್ಲ ಅದು. ತನ್ನ ಮಾತಿನಿಂದ ಒಂದು ನಿಯಮ ಬದಲಾಯಿತು ಎಂಬ ಅರಿವಿನಿಂದ ಬಂದದ್ದು.

ಪೂರ್ವರಂಗದ ಜಾಗ

ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನಾಡಿನಲ್ಲಿ ಹುಟ್ಟಿದವನಾದ್ದರಿಂದ ಈ ವಿಷಯ ಯೋಚಿಸುವಾಗಲೆಲ್ಲ ನನಗೆ ಬಯಲಾಟದಲ್ಲಿ ಪ್ರಸಂಗಕ್ಕೆ ಮೊದಲು ನಡೆಯುವ ಪೂರ್ವರಂಗ ನೆನಪಾಗುತ್ತದೆ. ತೆಂಕುತಿಟ್ಟಿನ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲು ಕೋಡಂಗಿ ವೇಷ ಕಟ್ಟುತ್ತಾನೆ, ಆಮೇಲೆ ಬಾಲಗೋಪಾಲ, ಬಳಿಕ ನಿಧಾನಕ್ಕೆ ಪ್ರಸಂಗದ ಸಣ್ಣ ವೇಷಗಳು, ವರ್ಷಗಳು ಕಳೆದು ಪುಂಡುವೇಷ. ಕೋಡಂಗಿ ಕುಣಿಯುವುದು ಅಭ್ಯಾಸದ ಚಾವಡಿಯಲ್ಲಲ್ಲ. ಅದೇ ರಂಗಸ್ಥಳ, ಅದೇ ಚೆಂಡೆ ಮದ್ದಳೆ, ಎದುರಿಗೆ ನಿಜವಾದ ಸಭೆ. ಮೇಳದ ಹಿರಿಯ ಕಲಾವಿದನೊಬ್ಬ ಅದನ್ನು ಇನ್ನಷ್ಟು ಚೆನ್ನಾಗಿ ಕುಣಿದಾನು, ಆದರೆ ಕುಣಿಯುವುದಿಲ್ಲ, ಏಕೆಂದರೆ ಆ ಜಾಗ ಹುಡುಗನದು. ಈಚೆಗೆ ಕಾಲಮಿತಿಯ ಆಟಗಳು ಬಂದ ಮೇಲೆ ಸಮಯ ಉಳಿಸಲು ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಪ್ರೇಕ್ಷಕರಿಗೆ ನಷ್ಟವಾದಂತೆ ಕಾಣಲಿಲ್ಲ. ಹೊಸ ಹುಡುಗರಿಗೆ ದಿನವೂ ಹೆಜ್ಜೆಯಿಡುವ ಜಾಗ ಹೋಯಿತು.

ತಂತ್ರಾಂಶ ಯೋಜನೆಗಳಲ್ಲಿ ಈಗ ನಡೆಯುತ್ತಿರುವುದೂ ಇದೇ ಎಂದು ನನ್ನ ಆತಂಕ. ಐದು ನಿಮಿಷದ ಕೆಲಸವನ್ನು ಬೇರೆಯವರಿಗೆಂದು ಬರೆದಿಡಲು ಗಂಟೆ ಬೇಕು, ಬಂದ ಪ್ಯಾಚ್ ಪರಿಶೀಲಿಸಲು ಇನ್ನೊಂದು ಗಂಟೆ ಬೇಕು. ಸಮಯದ ಲೆಕ್ಕ ಹಾಕಿದರೆ ಯಾವ ನಿರ್ವಾಹಕರಿಗೂ ಇದು ಗಿಟ್ಟುವುದಿಲ್ಲ. ಸ್ವಂತ ಬಿಡುವಿನಲ್ಲಿ, ಸಂಬಳವಿಲ್ಲದೆ ಕೆಲಸ ಮಾಡುವ ಅವರ ದಣಿವನ್ನು ನಾನು ಬಲ್ಲೆ, ಅವರನ್ನು ದೂರುವ ಮನಸ್ಸು ನನಗಿಲ್ಲ. ಅದರ ಮೇಲೆ ಅವರು ಪಟ್ಟ ಕಹಿ ಅನುಭವಗಳೂ ಇವೆ. ಡಿಜಿಟಲ್‌ಓಷನ್ ಕಂಪನಿ 2014ರಿಂದ ಪ್ರತಿ ಅಕ್ಟೋಬರ್‌ನಲ್ಲಿ ನಡೆಸುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿರೆಂಬ ಕೋರಿಕೆ) ಕಳುಹಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. 2020ರಲ್ಲಿ ಅದಕ್ಕಾಗಿ ರೀಡ್‌ಮಿ ಕಡತಕ್ಕೆ ಒಂದೆರಡು ಅರ್ಥವಿಲ್ಲದ ಪದ ಸೇರಿಸಿ ಕಳುಹಿಸುವವರ ಪ್ರವಾಹವೇ ಹರಿಯಿತು, ನಿರ್ವಾಹಕರು ರೋಸಿಹೋದರು, ತಿಂಗಳ ಆರಂಭದಲ್ಲೇ ಸಂಘಟಕರು ನಿಯಮ ಬದಲಿಸಿ, ಒಪ್ಪಿಗೆ ಸೂಚಿಸಿದ ಯೋಜನೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕಾಯಿತು. ಅಂದು ಭಾರತದ ವಿದ್ಯಾರ್ಥಿಗಳ ಮೇಲೆ ಬಹಳ ಟೀಕೆ ಬಂತು. ತಪ್ಪು ನಡೆದದ್ದು ನಿಜ. ಆದರೆ ಮೊದಲ ಕೊಡುಗೆಯೆಂದರೆ ಎಣಿಕೆಯ ವಸ್ತು, ಬಹುಮಾನದ ಟಿಕೆಟ್ಟು ಎಂದು ಆ ಹುಡುಗರಿಗೆ ಕಲಿಸಿದವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ.

ಈಗ ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ಹೊಸಬರ ಪಟ್ಟಿಯನ್ನು ಕೊಟ್ಟರೆ ಕ್ಷಣದಲ್ಲಿ ಪ್ಯಾಚ್ ಸಿದ್ಧವಾಗುತ್ತದೆ. ಎಲ್‌ಎಲ್‌ವಿಎಂ ಕಂಪೈಲರ್ ಯೋಜನೆ ತನ್ನ ನಿಯಮಾವಳಿಯಲ್ಲಿ ಹೊಸಬರ ಲೇಬಲ್ ಇರುವ ಕೆಲಸಗಳನ್ನು ಇಂತಹ ಸಾಧನಗಳಿಂದ ಬಗೆಹರಿಸಬಾರದು ಎಂದು ಬರೆದಿದೆ. ಅವು ತುರ್ತಿನವಲ್ಲ, ಕಲಿಯುವವರಿಗಾಗಿ ಇರುವವು ಎಂಬುದು ಅದರ ಹಿಂದಿನ ವಿಚಾರ. ನನಗೆ ಇದು ತುಂಬ ದಿಟ್ಟ ನಿಲುವೆನಿಸಿತು. ಮಾಡಿ ಮುಗಿಸಬಹುದಾದ ಒಂದು ಕೆಲಸವನ್ನು ಒಬ್ಬ ಅಪರಿಚಿತ ವ್ಯಕ್ತಿಗಾಗಿ ಮಾಡದೆ ಕಾಯುತ್ತೇವೆ ಎಂದು ಒಂದು ದೊಡ್ಡ ಯೋಜನೆ ಬಾಯಿಬಿಟ್ಟು ಹೇಳಿದಂತಾಯಿತು. ಕಲಿಯುವವರ ಕಡೆಯಿಂದಲೂ ಒಂದು ಮಾತು ಬೇಕು: ಯಂತ್ರ ಬರೆದುಕೊಟ್ಟದ್ದನ್ನು ಓದದೆ ಕಳುಹಿಸುವ ವಿದ್ಯಾರ್ಥಿ, ರಿವ್ಯೂ ಮಾಡುವವರು ಕೇಳುವ ಮೊದಲ ಪ್ರಶ್ನೆಗೇ ನಿಂತುಬಿಡುತ್ತಾನೆ. ‘ಕೋಣೆ೦೫’ ಏನಾಗಬೇಕು ಎಂಬ ಪ್ರಶ್ನೆ ಹುಟ್ಟಿದ್ದು ತಂದೆಯ ಕಡತ ನೋಡಿದ ಹುಡುಗನಲ್ಲಿ.

ನಮ್ಮ ಸುತ್ತ ಇರುವ ಕೆಲಸ

ಸಪ್ತಭಾಷಾ ಸಂಗಮ ಭೂಮಿಯೆಂದು ನಾವು ಹೆಮ್ಮೆಯಿಂದ ಕರೆದುಕೊಳ್ಳುವ ಈ ಜಿಲ್ಲೆಯಲ್ಲಿ ಇಂತಹ ಕೆಲಸಗಳಿಗೆ ಕೊರತೆಯಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ, ಕಂಪ್ಯೂಟರುಗಳಲ್ಲಿ ಲಿಪಿಗಳಿಗೆ ಸಂಕೇತ ಗೊತ್ತುಮಾಡುವ ಯುನಿಕೋಡ್‌ನ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿತು. ಸ್ಥಾನ ಸಿಕ್ಕ ಮಾತ್ರಕ್ಕೆ ಲಿಪಿ ಪರದೆಯ ಮೇಲೆ ಮೂಡುವುದಿಲ್ಲ. ಫಾಂಟ್, ಕೀಲಿಮಣೆ, ಅಕಾರಾದಿ ವಿಂಗಡಣೆ, ಒತ್ತಕ್ಷರಗಳು ಸರಿಯಾಗಿ ಕೂರುತ್ತವೆಯೇ ಎಂಬ ಪರೀಕ್ಷಾ ಪದಗಳ ಪಟ್ಟಿ, ಎಲ್ಲವೂ ಆಗಬೇಕು. ಪರೀಕ್ಷಾ ಪದಗಳನ್ನು ಕೊಡಲು ಪ್ರೋಗ್ರಾಮಿಂಗ್‌ಗಿಂತ ಮೊದಲು ಬೇಕಾದದ್ದು ಮನೆಯಲ್ಲಿ ತುಳು ಮಾತಾಡುವವರು ಮತ್ತು ತಾಳೆಗರಿ ನೋಡಿದ ಹಿರಿಯರ ಒಡನಾಟ. ಕನ್ನಡದಲ್ಲಿಯೂ ಹಾಗೆಯೇ: ಬಹುವಚನದ ನಿಯಮದಲ್ಲಿ ಸೊನ್ನೆ ಮತ್ತು ಒಂದನ್ನು ಕನ್ನಡ ಒಂದೇ ವರ್ಗಕ್ಕೆ ಸೇರಿಸುತ್ತದೆಂದು ಭಾಷೆಗಳ ರೂಢಿಗಳನ್ನು ದಾಖಲಿಸುವ ಯುನಿಕೋಡ್‌ನ ಸಿಎಲ್‌ಡಿಆರ್ ದತ್ತಾಂಶ ಹೇಳುತ್ತದೆ. ಒಂದೊಂದು ತಂತ್ರಾಂಶದ ಸಂದೇಶವನ್ನೂ ತೆಗೆದು, ಆ ನಿಯಮದಂತೆ ಬಂದ ವಾಕ್ಯ ನಮ್ಮ ಕಿವಿಗೆ ಸರಿಯೇ ಎಂದು ನೋಡಿ ವರದಿ ಮಾಡುವುದು ಒಂದು ಉತ್ತಮ ಮೊದಲ ಕೆಲಸ. ಶಾಲೆಯಲ್ಲಿ ಇಂಕ್‌ಸ್ಕೇಪ್ ಬಳಸಿದ ಮಗು ಅದರ ಕನ್ನಡ ಮೆನುವಿನಲ್ಲಿ ಅನುವಾದವಾಗದೆ ಉಳಿದ ಪದಗಳನ್ನು ಗುರುತಿಸಿ ಬರೆದರೆ ಅದೂ ಒಂದು ಕೆಲಸವೇ.

ಇವನ್ನು ಯಾರಾದರೂ ಕುಳಿತು, ಹೊಸಬರಿಗೆ ಅರ್ಥವಾಗುವ ಹಾಗೆ, ಕನ್ನಡದಲ್ಲಿ ಬರೆದಿಡಬೇಕು. ಬರೆದವರು ತಮ್ಮ ಹೆಸರನ್ನು ಅದರ ಕೆಳಗೆ ಹಾಕಿ, ಒಂದು ವಾರದೊಳಗೆ ಉತ್ತರ ಕೊಡುವ ಹೊಣೆ ಹೊರಬೇಕು. ವಾಚನಾಲಯದ ಗುಂಪಿನಲ್ಲಿ ಈ ಬಗ್ಗೆ ಮಾತಾಡಿದ್ದೇವೆ. ಸೊನ್ನೆಯ ನಿಯಮ ಬರೆದ ಹುಡುಗ ಈಗ ನನ್ನ ತಂತ್ರಾಂಶಕ್ಕೆ ಬರುವ ಪ್ಯಾಚ್‌ಗಳನ್ನು ಮೊದಲು ತಾನು ಓದುತ್ತಾನೆ. ಪೆರ್ಲದ ವಿದ್ಯಾರ್ಥಿನಿ ತುಳು ಒತ್ತಕ್ಷರಗಳ ಪದಪಟ್ಟಿಗೆ ವಿವರಣೆ ಬರೆಯಲು ಒಪ್ಪಿದ್ದಾಳೆ, ಮತ್ತು ಕೆಲಸ ವಹಿಸಿಕೊಂಡವರು ಸುಮ್ಮನಾದರೆ ಮುಂದಿನವರು ಏನು ಮಾಡಬೇಕೆಂಬ ಸಾಲು ಅದರಲ್ಲಿ ಮೊದಲಿಗೇ ಇರಬೇಕೆಂದು ಪಟ್ಟುಹಿಡಿದಿದ್ದಾಳೆ.